ಪಾಪದ ಲೆಕ್ಕ ಯಾರ ಮನೆಯಿಂದ ಶುರುವಾಗಬೇಕು?



ಸ್ವಲ್ಪ ಉದ್ದ ಬರೀತಾ ಇದ್ದೀನಿ, ಪುರುಸೊತ್ತು ಮಾಡಿಕೊಂಡು ಓದ್ರಿ. ಚರ್ಚಿನ ವಿಷಯ. "ನೀವು ಅಂಬೇಡ್ಕರ್‌ವಾದಿ, ನಿಮಗ್ಯಾಕ್ರೀ ಚರ್ಚಿನ ಉಸಾಬರಿ" ಅನ್ನೋರಿಗೆ ಮೊದಲೇ ಹೇಳ್ತೀನಿ. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಭಾನುವಾರ ಚರ್ಚಿನೊಳಗೆ ಕೂತಿರೋ ಮಂದಿ ಹೆಚ್ಚಿನಂಶ ನಮ್ಮ ಕೇರಿಯವರೇ. 1950ರ ರಾಷ್ಟ್ರಪತಿ ಆದೇಶ ಅವರನ್ನ ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ ದಲಿತರನ್ನ ಒಳಗೆ ತಗೊಂಡ್ರು, 1990ರಲ್ಲಿ ಬೌದ್ಧರನ್ನ ತಗೊಂಡ್ರು, ಕ್ರೈಸ್ತ ದಲಿತರು ಇನ್ನೂ ಬಾಗಿಲ ಹೊರಗೇ ನಿಂತಿದ್ದಾರೆ. ಕಾಗದ ಅವರ ಜಾತಿ ಮರೆತಿದೆ, ಊರು ಮರೆತಿಲ್ಲ. ಹಾಗಾಗಿ ಅವರ ಚರ್ಚಿನ ಮಾತು ನಮ್ಮ ಮಾತೂ ಹೌದು.

ನಮ್ಮ ಬಳಗದಲ್ಲಿ ಒಬ್ಬ ಕಾಕಾ ಇದ್ದಾರೆ. ಕಟ್ಟಾ ವಿಶ್ವಾಸಿ. ಅವರದ್ದು ಎರಡು ತಕರಾರು. ಒಂದು: "ಜೂನ್ ಬಂತಂದ್ರ ಚರ್ಚಿನ್ಯಾಗ ಗಿಡ ನೆಡೂದು, ಪರಿಸರ ಅನ್ನೂದು ಶುರುವಾಗ್ತದ. ಇದು ಸೃಷ್ಟಿ ಮಾಡಿದಾವನ್ನ ಬಿಟ್ಟು ಸೃಷ್ಟಿಗೆ ಕೈ ಮುಗಿಯೂದು. ಈ ಲೋಕ ಹೆಂಗೂ ಅಳಿದು ಹೋಗೂದದ, ಆತ್ಮ ಉಳಿಸ್ಕೋರಿ." ಎರಡು: "ಸಭೆಯೊಳಗ ಹಾದರ ನಡದ್ರ ಯಾರೂ ಬಾಯಿ ಬಿಡೂದಿಲ್ಲ. ಗಿಡದ ಬಗ್ಗೆ ಪ್ರಸಂಗ ಮಾಡ್ತಾರ, ವ್ಯಭಿಚಾರದ ಬಗ್ಗೆ ಮಾಡೂದಿಲ್ಲ."

ನಮ್ಮ ಪ್ರಗತಿಪರ ಗೆಳೆಯರು ಇಂಥ ಮಾತು ಕೇಳಿದ ಕೂಡಲೇ "ಮೂಲಭೂತವಾದಿ" ಅಂತ ಹಣೆಪಟ್ಟಿ ಹಚ್ಚಿ ಎದ್ದು ಹೋಗ್ತಾರೆ. ನಾನು ಹಾಗೆ ಮಾಡಲಾರೆ. ಯಾಕಂದ್ರೆ ಕಾಕಾ ಅವರ ಎರಡನೇ ಮಾತಿನಲ್ಲಿ ಅರ್ಧ ಸತ್ಯ ಇದೆ.

ಮೈಸೂರು ಧರ್ಮಪ್ರಾಂತ್ಯದ ಸಂಗತಿ ನೋಡ್ರಿ. 2019ರಲ್ಲಿ ಅಲ್ಲಿನ 37 ಪಾದ್ರಿಗಳು ತಮ್ಮ ಬಿಷಪ್ ಕೆ.ಎ. ವಿಲಿಯಂ ಅವರ ಮೇಲೆ ಪೋಪ್‌ಗೆ ದೂರು ಬರೆದರು. ಅದರಲ್ಲಿ ಲೈಂಗಿಕ ದುರ್ನಡತೆಯ ಆರೋಪವೂ ಇತ್ತು, ಹಣದ ಆರೋಪವೂ ಇತ್ತು. ಬಿಷಪ್ ಎಲ್ಲವನ್ನೂ ನಿರಾಕರಿಸಿದರು. ವ್ಯಾಟಿಕನ್ ಅವರನ್ನ ರಜೆ ಮೇಲೆ ಕಳಿಸಿದ್ದು 2023ರ ಜನವರಿಯಲ್ಲಿ, ರಾಜೀನಾಮೆ ಒಪ್ಪಿಕೊಂಡಿದ್ದು 2024ರ ಜನವರಿಯಲ್ಲಿ. ಆರೋಪ ನಿಜವೋ ಸುಳ್ಳೋ ತೀರ್ಪು ಕೊಡೋನು ನಾನಲ್ಲ. ನನ್ನ ಪ್ರಶ್ನೆ ಕಾಲದ್ದು. ಒಳಗಿನ ಪಾದ್ರಿಗಳೇ ಸಹಿ ಹಾಕಿ ಬರೆದ ದೂರಿಗೆ ಇಷ್ಟು ವರ್ಷ ಬೇಕಾಯಿತು ಅಂದ್ರೆ, ಸಭೆಯ ಕಸ ಹೊಡೆಯೋ ಹೆಣ್ಣುಮಗಳೊಬ್ಬಳು ಬಾಯಿಮಾತಲ್ಲಿ ಹೇಳಿದ ದೂರಿನ ಗತಿ ಏನು?

ಆದರೆ ಕಾಕಾ ಹೇಳೋ ಔಷಧಿ ಈ ರೋಗಕ್ಕೆ ತಾಗೋದಿಲ್ಲ. ಪರಿಸರ ಬಿಟ್ಟು ಲೈಂಗಿಕ ಪಾಪದ ಬಗ್ಗೆ ಗಟ್ಟಿಯಾಗಿ ಪ್ರಸಂಗ ಮಾಡಿದ್ರೆ ಸಭೆ ಶುದ್ಧವಾಗ್ತದೆ ಅನ್ನೋದು ಅವರ ನಂಬಿಕೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರನ್ನ ನೋಡ್ರಿ. ಲೈಂಗಿಕ ಪಾಪದ ಬಗ್ಗೆ ಅವರಷ್ಟು ಪ್ರಸಂಗ ಮಾಡಿದೋರು ಕಡಿಮೆ. 2022ರ ಮೇ ತಿಂಗಳಲ್ಲಿ ಅವರದೇ ಸಭೆ ನೇಮಿಸಿದ ತನಿಖೆಯ ವರದಿ ಬಂತು. ದೂರು ತಂದವರನ್ನ ನಾಯಕರು ಸುಮಾರು ಎರಡು ದಶಕ ಸತಾಯಿಸಿದ್ದರು. ಇತ್ತ 700ಕ್ಕೂ ಹೆಚ್ಚು ಆರೋಪಿಗಳ ಹೆಸರಿನ ಪಟ್ಟಿಯನ್ನ ಗುಟ್ಟಾಗಿ ಇಟ್ಟುಕೊಂಡಿದ್ದರು. ಅಂದ್ರೆ ಬಾಯಲ್ಲಿ ಪಾಪದ ಮಾತು, ಕಪಾಟಿನಲ್ಲಿ ಪಾಪಿಗಳ ಪಟ್ಟಿ. ಪ್ರಸಂಗಕ್ಕೆ ಏನೂ ಕೊರತೆ ಇರಲಿಲ್ರಿ.

ತೊಂದರೆ ಇರೋದು ಪ್ರಸಂಗ ಯಾರ ಕಡೆಗೆ ಬೆರಳು ತೋರಿಸ್ತದೆ ಅನ್ನೋದರಲ್ಲಿ. ನಮ್ಮ ಹಳ್ಳಿಗಳಲ್ಲಿ "ಲೈಂಗಿಕ ಪಾಪ" ಅಂದ ಕೂಡಲೇ ಯಾರ ಮುಖ ಕಣ್ಣ ಮುಂದೆ ಬರ್ತದೆ? ಬೇರೆ ಜಾತಿ ಹುಡುಗನ ಜೊತೆ ಓಡಿಹೋದ ಹುಡುಗಿ. ಗಂಡ ಬಿಟ್ಟ ಹೆಂಗಸು. ಜೋಗಪ್ಪ. ಮುತ್ತು ಕಟ್ಟಿಸಿಕೊಂಡ ತಾಯಿ. ದೇವದಾಸಿ ನಿಷೇಧ ಕಾಯ್ದೆಯನ್ನ ಸರ್ಕಾರ 1982ರಲ್ಲೇ ಮಾಡಿತು. ಮುತ್ತು ಕಟ್ಟಿದ ಕೈ, ಆ ಮನೆಗೆ ರಾತ್ರಿ ಬಂದ ಕಾಲು, ಇವುಗಳ ಪಾಪ ಯಾವ ವೇದಿಕೆಯಲ್ಲಿ ಲೆಕ್ಕಕ್ಕೆ ಬಂದಿದೆ? ಆಕೆ ಚರ್ಚಿಗೆ ಬಂದ್ರೆ ಮಾತ್ರ "ಪಶ್ಚಾತ್ತಾಪ ಪಡಮ್ಮಾ" ಅಂತಾರೆ. ಇಬ್ಬರು ವಯಸ್ಕರು ಒಪ್ಪಿ ಕೂಡಿದ್ದನ್ನೂ, ಅಧಿಕಾರ ಇದ್ದವನು ಇಲ್ಲದವಳ ಮೈಮೇಲೆ ಕೈ ಹಾಕಿದ್ದನ್ನೂ ಒಂದೇ ಚೀಲಕ್ಕೆ ತುಂಬಿ "ಹಾದರ" ಅಂತ ಚೀಟಿ ಹಚ್ಚಿದ್ರೆ ಲಾಭ ಆಗೋದು ಎರಡನೆಯವನಿಗೆ. ಅವನು "ನಾನೂ ಬಿದ್ದೆ, ಪ್ರಾರ್ಥನೆ ಮಾಡ್ರಿ" ಅಂತ ಕಣ್ಣೀರು ಹಾಕಿ ಮುಂದಿನ ಭಾನುವಾರ ಮತ್ತೆ ವೇದಿಕೆ ಏರ್ತಾನೆ.

ಇನ್ನು ಮೊದಲನೇ ತಕರಾರು, ಪರಿಸರ. ಇದೂ ಬರೀ ನಮ್ಮ ಕಾಕಾನ ಮಾತಲ್ಲ. ಅಮೆರಿಕದಲ್ಲಿ ಕಾರ್ನ್‌ವಾಲ್ ಅಲಯನ್ಸ್ ಅನ್ನೋ ಕ್ರೈಸ್ತ ಗುಂಪು ಪರಿಸರವಾದವನ್ನ "ಹಸಿರು ಡ್ರ್ಯಾಗನ್" ಅಂತ ಕರೆದು ವಿಡಿಯೋ ಸರಣಿಯನ್ನೇ ಮಾಡಿತ್ತು. ಅದಕ್ಕೆ ಎದುರಾಗಿ ಪೋಪ್ ಫ್ರಾನ್ಸಿಸ್ 2015ರಲ್ಲಿ 'ಲೌದಾತೊ ಸಿ' ಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರೆ ಮಾಡಬೇಡಿ ಅನ್ನೋ ಮಾತು ಆಡಿದರು. ಅವರ ಜಗಳ ಅಲ್ಲಿರಲಿ. ಕಾಕಾ, ನೀವು ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾಕ್ಕೆ ಬರ್ರಿ. ಅಲ್ಲಿನ ಕುಡಿಯೋ ನೀರಿನಲ್ಲಿ ಆರ್ಸೆನಿಕ್ ಇದೆ ಅಂತ ಗೊತ್ತಾಗೋ ಹೊತ್ತಿಗೆ ಜನರ ಅಂಗೈ ಅಂಗಾಲು ಒಡೆದಿದ್ದವು, ಕ್ಯಾನ್ಸರ್ ಬಂದಿತ್ತು. ಹತ್ತಿರದಲ್ಲೇ ಮುಚ್ಚಿಹೋದ ಮಂಗಳೂರು ಚಿನ್ನದ ಗಣಿ (ಕಡಲ ಕಡೆಯ ಮಂಗಳೂರಲ್ಲ, ನಮ್ಮದೇ ಮಂಗಳೂರು). ಚಿನ್ನ ಯಾರ ಕೊರಳಿಗೆ ಹೋಯಿತೋ, ವಿಷ ಲಂಬಾಣಿ ತಾಯಂದಿರ ಕೊಡಕ್ಕೆ ಬಂತು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ ಅಂದಾಗ, ಗಣಿ ಬೇಡ ಅಂತ ಬೀದಿಗಿಳಿದವರು ಆ ಊರಿನ ರೈತರು. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಹೋಯಿತು. ಕೆಲಸ ಕೊಡ್ತೀವಿ ಅಂದವರ ಕೆಮಿಕಲ್ ವಾಸನೆಗೆ ಸುತ್ತಲ ಹಳ್ಳಿಯವರು ರಾತ್ರಿ ಬಾಗಿಲು ಹಾಕಿಕೊಂಡು ಮಲಗೋ ಹಾಗಾಗಿದೆ.

ಇದು ಸೃಷ್ಟಿಯ ಪೂಜೆ ಏನ್ರಿ? ಕುಡಿಯೋ ನೀರಿನ ಮಾತು. ಲೋಕ ಹೆಂಗೂ ಅಳೀತದೆ ಅನ್ನೋದಾದ್ರೆ ಫಿಲ್ಟರ್ ನೀರು ಕುಡಿಯೋರು ಯಾಕೆ ಕೊನೆಗೆ ಅಳೀತಾರೆ, ತಾಂಡಾದವರು ಯಾಕೆ ಮೊದಲು ಅಳೀತಾರೆ? ಹಾಗಂತ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳೋ ಚರ್ಚಿನ ಪರ ನಾನಿಲ್ಲ. ಬೇವಿನ ಸಸಿ ನೆಡೋದಕ್ಕೆ ಧೈರ್ಯ ಬೇಕಿಲ್ಲ. ಕಾರ್ಖಾನೆ ಗೇಟಿನ ಮುಂದೆ ಊರವರ ಜೊತೆ ಕೂರೋದಕ್ಕೆ ಬೇಕು.

ಕಾಕಾ ನಂಬೋ ಪುಸ್ತಕದಲ್ಲೇ ಎರಡು ಕತೆ ಇವೆ. ದಾವೀದ ರಾಜ ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನ ಕರೆಸಿಕೊಂಡ, ಗಂಡನನ್ನ ಯುದ್ಧದಲ್ಲಿ ಸಾಯಿಸಿದ. ನಾತಾನ ಪ್ರವಾದಿ ನೇರ ಅರಮನೆಗೆ ಹೋಗಿ ಕೇಳಿದ. ಅಹಾಬ ರಾಜನಿಗೆ ನಾಬೋತನ ದ್ರಾಕ್ಷಿ ತೋಟ ಬೇಕಾಯಿತು. ನಾಬೋತ ಕೊಡಲ್ಲ ಅಂದ, ಸುಳ್ಳು ಸಾಕ್ಷಿ ನಿಲ್ಲಿಸಿ ಅವನನ್ನ ಕೊಂದರು. ಎಲೀಯ ಪ್ರವಾದಿ ಆ ರಾಜನ ಮುಂದೆ ಹೋಗಿ ನಿಂತ. ಒಂದು ಹೆಣ್ಣಿನ ಮೈ, ಇನ್ನೊಂದು ಬಡವನ ಹೊಲ. ಎರಡರಲ್ಲೂ ಪಾಪ ಒಂದೇ: ಬಲ ಇದ್ದವನು ಇಲ್ಲದವರದ್ದನ್ನ ಕಸಿದುಕೊಂಡದ್ದು. ಇಬ್ಬರು ಪ್ರವಾದಿಗಳೂ ನೇರ ರಾಜನ ಮುಂದೆಯೇ ಹೋದರು. ಬತ್ಷೆಬೆಯನ್ನ ಕರೆದು "ನೀನ್ಯಾಕೆ ಮಾಳಿಗೆ ಕೆಳಗೆ ಸ್ನಾನ ಮಾಡಿದಿ" ಅಂತ ನಾತಾನ ಕೇಳಲಿಲ್ಲ. ನಮ್ಮ ಚರ್ಚುಗಳ ಪಾಪದ ಲೆಕ್ಕ ಮಾತ್ರ ಯಾವಾಗಲೂ ಗುಡಿಸಲಿನಿಂದ ಶುರುವಾಗ್ತದೆ.

"ಈಗ ಚರ್ಚಿನ ಮೇಲೆ ದಾಳಿ ನಡೀತಿರೋ ಹೊತ್ತಲ್ಲಿ ಇದೆಲ್ಲ ಬರೆದ್ರೆ ಸಂಘಿಗಳ ಕೈಗೆ ಕೋಲು ಕೊಟ್ಟಂಗಲ್ಲೇನ್ರಿ" ಅಂತ ಕೆಲವರು ಕೇಳಬಹುದು. ಹೆದರಿಕೆ ಸುಳ್ಳಲ್ಲ. ಮತಾಂತರದ ಹೆಸರಲ್ಲಿ ಪ್ರಾರ್ಥನೆ ಕೆಡಿಸೋರನ್ನ ನಾವು ಎದುರಿಸಲೇಬೇಕು. ಆದರೆ ಸಮುದಾಯ ಕಾಪಾಡೋ ಹೊಣೆಯನ್ನ ನೊಂದ ಹೆಣ್ಣುಮಗಳ ಬಾಯಿ ಮೇಲೆ ಹೇರೋದು ಯಾವ ನ್ಯಾಯ? ಈ ಮಾತು ನಮಗೂ ಅನ್ವಯ ಆಗ್ತದೆ. "ಚಳವಳಿಗೆ ಕೆಟ್ಟ ಹೆಸರು ಬರ್ತದೆ, ಸುಮ್ನಿರಮ್ಮ" ಅನ್ನೋ ಮಾತು ನೀಲಿ ಶಾಲು ಹಾಕಿದವರ ಬಾಯಿಂದಲೂ ಬಂದಿದೆ. ಮಠ, ಚರ್ಚು, ಸಂಘಟನೆ, ಎಲ್ಲ ಕಡೆ ಇದೇ ಭಾಷೆ.

ನಾನು ಕಚೇರಿಯ ಗುಮಾಸ್ತ. ನನಗೆ ಗೊತ್ತಿರೋ ಧರ್ಮ ಒಂದು: ಟಪಾಲಿಗೆ ನಂಬರ್ ಬೀಳದೇ ಇದ್ದರೆ ಅರ್ಜಿ ಇದ್ದೂ ಇಲ್ಲ. ಆದ್ದರಿಂದ ಕೆಲಸದ ಮಾತು ಹೇಳ್ತೀನಿ. 2013ರ ಕಾಯ್ದೆ ಪ್ರಕಾರ ಹತ್ತು ಜನ ಅಥವಾ ಹೆಚ್ಚು ಕೆಲಸದವರಿರೋ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಚರ್ಚು ನಡೆಸೋ ಶಾಲೆ, ಆಸ್ಪತ್ರೆ, ಹಾಸ್ಟೆಲ್ಲಿಗೂ ಇದು ಬಿಟ್ಟಿದ್ದಲ್ಲ. ಹತ್ತಕ್ಕಿಂತ ಕಡಿಮೆ ಜನ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆ ಆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು, ಸ್ವೀಕೃತಿ ಪಡೀಬೇಕು. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆ ಇನ್ನೂ ಬಿಗಿ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಮುಚ್ಚಿಟ್ಟರೆ ಅದೇ ಅಪರಾಧ. ಅಲ್ಲಿ "ಸಭೆಯೊಳಗೇ ಬಗೆಹರಿಸೋಣ" ಅನ್ನೋ ಮಾತೇ ಇಲ್ಲ. ನೀರಿನ ವಿಷಯಕ್ಕೂ ಇದೇ ದಾರಿ: ಮಾದರಿ ಪರೀಕ್ಷೆ ಮಾಡಿಸ್ರಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೀರಿ, ಉತ್ತರ ಬರದಿದ್ರೆ ಮಾಹಿತಿ ಹಕ್ಕಿನಲ್ಲಿ ಕೇಳ್ರಿ.

ಕಾಕಾ, ಲೈಂಗಿಕ ಪಾಪದ ಬಗ್ಗೆ ಪ್ರಸಂಗ ಬೇಕು ಅಂತೀರಿ. ಆಗಲಿ. ಮೊದಲನೇ ಪ್ರಸಂಗ ವೇದಿಕೆ ಮೇಲೆ ಕೂತವರಿಗೆ ಆಗಲಿ. ಗಿಡದ ಪ್ರಸಂಗ ಬೇಡ ಅಂತೀರಿ. ಅದೂ ಆಗಲಿ, ತಾಂಡಾದ ನೀರಿನ ಪ್ರಸಂಗ ಮಾಡಿಸ್ರಿ. ಈ ಎರಡೂ ನಡೆಯೋ ಚರ್ಚು ಇದ್ದರೆ ಹೇಳ್ರಿ. ದೇವರನ್ನ ನಂಬದ ನಾನೂ ಬಂದು ಹಿಂದಿನ ಚಾಪೆ ಮೇಲೆ ಕೂತು ಕೇಳ್ತೀನಿ.

ಜೈ ಭೀಮ್.