ಲಾರಿ ಬರುವ ಹಿಂದಿನ ಸಂಜೆ

ಬೆಂಗಳೂರಿನ ವೈಯಾಲಿಕಾವಲ್‌ನ ಅಡ್ಡರಸ್ತೆಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಅದೇ ನಿವೇಶನದಲ್ಲಿ ಮೂರು ನಾಲ್ಕು ಮಹಡಿ ಏಳುತ್ತಿವೆ. ಇಲ್ಲಿ ಕೆಲಸದ ವೇಗ ನಿರ್ಧರಿಸುವುದು ಬಹುಮಟ್ಟಿಗೆ ಪಂಚಾಂಗ. ಆಷಾಢಕ್ಕೆ ಮುಂಚೆ ಗೃಹಪ್ರವೇಶ ಆಗಲೇಬೇಕು. ಒಂದು ಕಡೆ ಮನೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು. ಮಾಲೀಕರ ಸಂಕಟ ಸುಳ್ಳಲ್ಲ. ಆದರೆ ಅದರ ಭಾರವೆಲ್ಲ ಬೀಳುವುದು ಸೆಂಟ್ರಿಂಗ್ ಹುಡುಗರ ತಲೆಯ ಮೇಲೆ.

ಮೋಲ್ಡ್ ಹಾಕುವ ಹಿಂದಿನ ಸಂಜೆ ಮೇಲೆ ಹತ್ತಿ ನೋಡಬೇಕು. ಕಂಬಿ ಹಲಗೆಗೆ ಅಂಟಿಕೊಂಡಿದೆಯೇ, ಅಡಿಯಲ್ಲಿ ಕವರ್ ಬ್ಲಾಕ್ ಇದೆಯೇ, ಜಾಕಿಗಳು ಗಟ್ಟಿ ನೆಲದ ಮೇಲೆ ನಿಂತಿವೆಯೇ ಅಥವಾ ಮೊನ್ನೆ ತುಂಬಿದ ಹಸಿಮಣ್ಣಿನ ಮೇಲೋ? ಸಣ್ಣ ಮನೆಗೆ ಇದು ಹೆಚ್ಚು ಹೊತ್ತಿನ ಕೆಲಸವಲ್ಲ. ಇಂಜಿನಿಯರ್ ಬರುವುದು ಮಾತ್ರ ಮಾರನೇ ದಿನ, ರೆಡಿಮಿಕ್ಸ್ ಲಾರಿ ಬೀದಿಯ ತುದಿಗೆ ಬಂದ ಮೇಲೆ. ಆಗ ತಪ್ಪು ಕಂಡರೂ ನಿಲ್ಲಿಸಿ ಎನ್ನುವ ಧೈರ್ಯ ಯಾರಿಗಿದೆ? ಕಾಂಕ್ರೀಟು ಕಾಯುವುದಿಲ್ಲ. ಪಂಪಿನ ಬಾಡಿಗೆ ಏರುತ್ತದೆ. "ಏನೂ ಆಗಲ್ಲ ಸಾರ್, ನಾನ್ ನೋಡ್ಕೋತೀನಿ" ಎನ್ನುತ್ತಾನೆ ಮೇಸ್ತ್ರಿ.

ಸೆಂಟ್ರಿಂಗ್ ಬಿಚ್ಚುವಾಗಲೂ ಇದೇ ಅವಸರ. ಸಾಮಾನ್ಯ ಸಿಮೆಂಟಿಗೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುವ ಲೆಕ್ಕ ಹೀಗಿದೆ: 4.5 ಮೀಟರ್ ವರೆಗಿನ ಸ್ಲ್ಯಾಬಿನ ಆಧಾರದ ಕಂಬಗಳು ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಅಗಲವಾದರೆ 14 ದಿನ, 6 ಮೀಟರ್ ದಾಟಿದ ತೊಲೆಗೆ 21 ದಿನ. ಜಾಕಿಗಳನ್ನು ದಿನಬಾಡಿಗೆಗೆ ತಂದ ಕಂಟ್ರಾಕ್ಟರಿಗೆ ಈ ದಿನಗಳೆಲ್ಲ ಬರೀ ನಷ್ಟ.

ಇಲ್ಲಿಂದ ಸ್ವಲ್ಪವೇ ದೂರದ ಸುಬೇದಾರ್ ಛತ್ರಂ ರಸ್ತೆಯಲ್ಲಿ 1983ರ ಸೆಪ್ಟೆಂಬರ್‌ನಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು 120ಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರ್‌ನ ಮಳೆಯಲ್ಲಿ ಬಾಬುಸಾಪಾಳ್ಯದ ಕಟ್ಟಡ ಕೂಲಿಯವರನ್ನು ಬಲಿ ತೆಗೆದುಕೊಂಡಿತು. ನಡುವೆ ಕಾನೂನುಗಳು ಬಂದವು, ನಿಜ. ಆದರೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ರೂಪುಗೊಂಡಿದ್ದು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ. ಸುರಕ್ಷತಾ ಸಮಿತಿ ಕಡ್ಡಾಯವಾದದ್ದು 500 ಜನರಿದ್ದರೆ. ಆರೇಳು ಜನ ದುಡಿಯುವ ನಮ್ಮ ಬೀದಿಯ ಮನೆ ಆ ಜರಡಿಯಲ್ಲಿ ಸೋರಿಹೋಯಿತು.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಮಂಜೂರಾದ ನಕ್ಷೆಯನ್ನು ಕಟ್ಟಡದ ಜಾಗದಲ್ಲೇ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಬಂದು ಪರಿಶೀಲಿಸಿ ದಾಖಲೆ ಇಡಬೇಕು ಎಂದಿತು. ಆ ದಾಖಲೆ ಕಚೇರಿಯ ಬೀರುವಿನಲ್ಲಿದ್ದರೆ ಸಾಲದು. ಪಾಯಕ್ಕೊಂದು, ಪ್ರತಿ ಮೋಲ್ಡಿಗೊಂದು ಸಹಿ ಗೇಟಿನಲ್ಲೇ ಕಾಣಲಿ, ಪಕ್ಕದ ಮನೆಯವರೂ ಓದಲಿ. ಇಂಜಿನಿಯರ್‌ಗೆ ಸಂಬಳ ಕೊಡುವವರು ಕಂಟ್ರಾಕ್ಟರ್ ಆಗದೆ ಮಾಲೀಕರೇ ಆಗಲಿ. ಇಂಜಿನಿಯರ್ ಸಹಿಯಿಲ್ಲದೆ ಲಾರಿಗೆ ಆರ್ಡರ್ ಹೋಗಬಾರದು. ಕೆಲಸ ನಿಂತ ದಿನದ ಕೂಲಿಯೂ ಕರಾರಿನಲ್ಲಿ ಬರೆದಿರಲಿ. ಅದಿಲ್ಲದಿದ್ದರೆ ಕಂಬ ವಾಲಿದ್ದನ್ನು ಕಣ್ಣಾರೆ ಕಂಡ ಗಾರೆಯವನೂ ಆ ದಿನದ ಕೂಲಿಗೆ ಹೆದರಿ ಸುಮ್ಮನಾಗುತ್ತಾನೆ.