ಸಂಪಾದಕರ ಮಾತು: ಪಕ್ಕದಲ್ಲಿ ಜಾಗವಿಲ್ಲದವನು

ಖಳನನ್ನು ಹತ್ತಿರ ನಿಂತು ನೋಡುವುದು ಕನ್ನಡದ ಓದುಗರಿಗೆ ಹೊಸದೇನಲ್ಲ. ರನ್ನನ ದುರ್ಯೋಧನ ಕುರುಕ್ಷೇತ್ರದ ಹೆಣಗಳ ನಡುವೆ ಹೆಜ್ಜೆ ಹಾಕುವಾಗ ದ್ರೋಣನ ಮುಂದೆ ಶಿಷ್ಯ, ದುಶ್ಶಾಸನನ ಮುಂದೆ ಅಣ್ಣ, ಕರ್ಣನ ಮುಂದೆ ಗೆಳೆಯ. ವೈರಿಯ ಮಗ ಅಭಿಮನ್ಯುವಿನ ಮುಂದೆ ನಿಂತಾಗಲಂತೂ ಆ ಹುಡುಗನ ಶೌರ್ಯವನ್ನು ಮನಸಾರೆ ಮೆಚ್ಚುತ್ತಾನೆ. ಒಬ್ಬ ಮನುಷ್ಯ ಎಂಥವನೆಂದು ತಿಳಿಯಬೇಕಾದರೆ ಅವನು ಯಾರ ಜೊತೆ ಹೇಗಿದ್ದ ಎಂಬುದನ್ನು ನೋಡಬೇಕು. ಹತ್ತನೆಯ ಶತಮಾನದಲ್ಲೇ ನಮ್ಮ ಕವಿಗೆ ಇದು ಗೊತ್ತಿತ್ತು. ಈ ಸಂಚಿಕೆಯ ಹಲವು ಪುಟಗಳು ಜಪಾನಿನ ಚಿತ್ರಕಥೆಯಾದ ಮಾಂಗಾಕ್ಕೆ ಮೀಸಲಾಗಿವೆ. ಅವುಗಳಿಗೆ ಮುನ್ನುಡಿಯಾಗಿ, ಅದೇ ಕಣ್ಣಿನಿಂದ, ಮಾಂಗಾ ಲೋಕದ ಒಬ್ಬ ಖಳನ ಬಗ್ಗೆ ಬರೆಯಬೇಕೆನ್ನಿಸಿತು. ಅವನ ಹೆಸರು ಗ್ರಿಫಿತ್. ಕೃತಿಯ ಹೆಸರು ‘ಬರ್ಸರ್ಕ್’.

ಕೆಂಟಾರೊ ಮಿಯುರಾ ಈ ಕಥೆಯನ್ನು ಧಾರಾವಾಹಿಯಾಗಿ ಬರೆಯಲು ತೊಡಗಿದ್ದು 1989ರಲ್ಲಿ. ಆಗ ಅವರಿಗೆ ಇಪ್ಪತ್ತಮೂರರ ಆಸುಪಾಸು. 2021ರ ಮೇ 6ರಂದು ತೀರಿಕೊಳ್ಳುವವರೆಗೂ ಅವರು ಅದನ್ನು ಬರೆಯುತ್ತ, ಚಿತ್ರಿಸುತ್ತ ಬಂದರು. 2002ರಲ್ಲಿ ಒಸಾಮು ತೆಜುಕಾ ಸಾಂಸ್ಕೃತಿಕ ಪ್ರಶಸ್ತಿಯ ಮನ್ನಣೆ ಸಿಕ್ಕಿತು. ಕೃತಿಯ 5 ಕೋಟಿಗೂ ಹೆಚ್ಚು ಪ್ರತಿಗಳು ಓದುಗರ ಕೈ ಸೇರಿವೆ. ಮಧ್ಯಯುಗದ ಯುರೋಪನ್ನು ಹೋಲುವ ಕಲ್ಪಿತ ಲೋಕ ಅದು. ಮಿಡ್‌ಲ್ಯಾಂಡ್ ಮತ್ತು ಚೂಡರ್ ಎಂಬ ಎರಡು ರಾಜ್ಯಗಳ ನಡುವೆ ನೂರು ವರ್ಷದ ಯುದ್ಧ ನಡೆದಿದೆ. ಕೂಲಿಗೆ ಕಾದಾಡುವ ಪಡೆಗಳಲ್ಲಿ ಒಂದು ಗಿಡುಗ ಪಡೆ. ಅದರ ನಾಯಕ ಗ್ರಿಫಿತ್, ಕುಲಗೋತ್ರವಿಲ್ಲದ ಗಲ್ಲಿಯ ಹುಡುಗ. ದೂರದ ಕೋಟೆಯನ್ನು ನೋಡುತ್ತ ಬೆಳೆದವನು, ತನ್ನದೇ ಒಂದು ರಾಜ್ಯ ಬೇಕೆಂದು ಹಟ ಹಿಡಿದವನು.

ಮಿಯುರಾ ಕಥೆ ಕಟ್ಟಿದ ಕ್ರಮವನ್ನು ಮೊದಲು ಗಮನಿಸಬೇಕು. ಕಥೆ ಶುರುವಾದಾಗ ನಮಗೆ ಕಾಣುವುದು ಒಂದು ಕಣ್ಣು, ಒಂದು ಕೈ ಕಳೆದುಕೊಂಡು ಸೇಡಿಗಾಗಿ ಅಲೆಯುವ ಗಟ್ಸ್ ಎಂಬ ಕತ್ತಿವರಸೆಗಾರ. 3ನೇ ಸಂಪುಟದಲ್ಲಿ ಗ್ರಿಫಿತ್ ಕಾಣಿಸುತ್ತಾನೆ, ಮನುಷ್ಯನಾಗಿ ಅಲ್ಲ, ಆಗಲೇ ಅಸುರನಾಗಿ. ಇವನನ್ನು ದ್ವೇಷಿಸಬೇಕೆಂದು ನಾವು ತೀರ್ಮಾನಿಸಿಬಿಟ್ಟ ಮೇಲೆ ಕಥೆ ಹಿಂದಕ್ಕೆ ಹೊರಳುತ್ತದೆ. ಅಲ್ಲಿಂದ 14ನೇ ಸಂಪುಟದವರೆಗೆ ಗಿಡುಗ ಪಡೆಯ ಹುಡುಗರ ದಿನಗಳು, ಅವರ ಜಗಳ, ನಗು, ಗೆಲುವು. ಕೊನೆಗೆ ಏನಾಗಲಿದೆ ಎಂಬುದು ಗೊತ್ತಿದ್ದೂ ನಾವು ಗ್ರಿಫಿತ್‌ನನ್ನು ಇಷ್ಟಪಡುತ್ತೇವೆ. ನಮ್ಮ ಆ ಇಷ್ಟವನ್ನೂ ಮಿಯುರಾ ಅವನ ಅಪರಾಧಕ್ಕೆ ಸಾಕ್ಷಿಯಾಗಿ ನಿಲ್ಲಿಸುತ್ತಾರೆ.

ಮೇಲಿನವರೊಂದಿಗೆ ಅವನ ವ್ಯವಹಾರ ಬಲು ಸ್ಪಷ್ಟ. ಅವರು ಹತ್ತಬೇಕಾದ ಮೆಟ್ಟಿಲುಗಳು. ಮಿಡ್‌ಲ್ಯಾಂಡಿನ ರಾಜ ಅವನನ್ನು ಮೆಚ್ಚಿ ಮೇಲೆತ್ತುತ್ತಾನೆ. ಗ್ರಿಫಿತ್ ತಲೆ ಬಾಗಿಸಿ ನಿಲ್ಲುತ್ತಾನೆ, ಕಣ್ಣು ಮಾತ್ರ ಸಿಂಹಾಸನದ ಮೇಲೆ. ಸಂಚು ಹೂಡಿದ ರಾಜನ ತಮ್ಮ ಜೂಲಿಯಸ್‌ನನ್ನು ರಾತ್ರೋರಾತ್ರಿ ಮುಗಿಸುವ ಕೆಲಸವನ್ನು ಗಟ್ಸ್‌ಗೆ ಒಪ್ಪಿಸುತ್ತಾನೆ. ವಿಷವಿಕ್ಕಲು ಹೊರಟ ರಾಣಿಯನ್ನು ಬೆಂಕಿಗೆ ಕೊಡುತ್ತಾನೆ. ಎದುರು ನಿಂತವರ ಆಸೆ, ಭಯ, ಹೇಸಿಗೆಯನ್ನೆಲ್ಲ ಒಂದೇ ನೋಟಕ್ಕೆ ಅಳೆಯಬಲ್ಲ ಚತುರ ಅವನು. ಮುಂದೆ ಸೆರೆಮನೆಯಲ್ಲಿ ರಾಜನೇ ಚಾವಟಿ ಹಿಡಿದು ನಿಂತಾಗಲೂ, ಆ ರಾಜ ತನ್ನ ಮಗಳ ಬಗ್ಗೆ ಒಳಗೊಳಗೇ ಬಚ್ಚಿಟ್ಟುಕೊಂಡದ್ದನ್ನು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಾನೆ. ಇನ್ನೊಬ್ಬರ ಮನಸ್ಸನ್ನು ಇಷ್ಟು ಚೆನ್ನಾಗಿ ಓದುವವನಿಗೆ ತನ್ನ ಮನಸ್ಸೊಂದು ಕಾಣುವುದಿಲ್ಲ.

ಕೆಳಗಿನವರೊಂದಿಗಿನ ನಂಟು ಇಷ್ಟು ಸರಳವಾಗಿಲ್ಲ. ಕಾಸ್ಕಾ ಎಂಬ ಬಡ ಹುಡುಗಿಯ ಮೇಲೆ ಒಬ್ಬ ಸಿರಿವಂತ ಕೈ ಮಾಡುವಾಗ ಗ್ರಿಫಿತ್ ಬಂದು ತಾನೇ ಅವನನ್ನು ಕೊಲ್ಲುವುದಿಲ್ಲ. ಅವಳೆದುರಿಗೆ ಒಂದು ಕತ್ತಿ ಎಸೆಯುತ್ತಾನೆ, ಎತ್ತಿಕೊಳ್ಳುವುದು ಅವಳಿಗೇ ಬಿಟ್ಟದ್ದು. ಅವಳು ಎತ್ತಿಕೊಳ್ಳುತ್ತಾಳೆ, ಅಂದಿನಿಂದ ಅವನ ಪಡೆಯಲ್ಲಿ ನಿಲ್ಲುತ್ತಾಳೆ. ಆ ಕಾಸ್ಕಾ ಗಟ್ಸ್‌ಗೆ ಹೇಳುವ ಒಂದು ಪ್ರಸಂಗ ಇಡೀ ಕೃತಿಯ ಕೀಲಿಕೈ. ಪಡೆಯ ಒಬ್ಬ ಎಳೆಯ ಹುಡುಗ ಯುದ್ಧದಲ್ಲಿ ಸತ್ತಿದ್ದಾನೆ. ಅವನ ಬಳಿ ಒಂದು ಆಟಿಕೆಯ ಸೈನಿಕನಿತ್ತು. ಅದಾದ ಮೇಲೆ ಗ್ರಿಫಿತ್ ಹಣಕ್ಕಾಗಿ ಗೆನಾನ್ ಎಂಬ ಮುದಿ ಅಧಿಕಾರಿಯೊಂದಿಗೆ ಒಂದು ರಾತ್ರಿ ಕಳೆಯುತ್ತಾನೆ. ಹಣವಿದ್ದರೆ ಬೇಗ ಗೆಲ್ಲಬಹುದು, ಕಡಿಮೆ ಹುಡುಗರು ಸಾಯುತ್ತಾರೆ ಎಂಬ ಲೆಕ್ಕ. ಮರುದಿನ ಹೊಳೆಯ ನೀರಿನಲ್ಲಿ ನಿಂತು ಮೈ ತೊಳೆಯುತ್ತಾನೆ. ಸತ್ತವರ ಬಗ್ಗೆ ತನಗೆ ಹೊಣೆಯಿಲ್ಲ, ಅವರು ತಾವಾಗಿ ಬಂದವರು ಎಂದು ಶಾಂತವಾಗಿ ವಾದಿಸುತ್ತಾನೆ. ಮಾತು ನಡೆದಿರುವಾಗಲೇ ಅವನ ಉಗುರುಗಳು ಅವನದೇ ತೋಳನ್ನು ಸೀಳುತ್ತಿರುತ್ತವೆ. ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ. ಕಾಸ್ಕಾ ಎರಡನ್ನೂ ನೋಡುತ್ತಾಳೆ. ಗ್ರಿಫಿತ್ ನಂಬುವುದು ತನ್ನ ಬಾಯನ್ನು ಮಾತ್ರ.

ಮೇಲೆ ಮೆಟ್ಟಿಲು, ಕೆಳಗೆ ಅನುಯಾಯಿಗಳು. ಪಕ್ಕದಲ್ಲಿ ನಿಲ್ಲುವವರಿಗೆ ಜಾಗ ಎಲ್ಲಿ? ಗಟ್ಸ್ ಬಂದದ್ದು ಈ ಪ್ರಶ್ನೆಯಾಗಿ. ಇಬ್ಬರ ಮೊದಲ ಭೇಟಿಯೇ ದ್ವಂದ್ವಯುದ್ಧ. ಗ್ರಿಫಿತ್ ಗೆಲ್ಲುತ್ತಾನೆ, ಇನ್ನು ನೀನು ನನ್ನವನು ಎನ್ನುತ್ತಾನೆ. ಕೊಂಡುಕೊಂಡ ಸರಕಿನ ಮೇಲೆ ಹಕ್ಕು ಸಾಧಿಸುವ ಧಾಟಿ ಅದು. ಆದರೆ ಮೂರು ವರ್ಷದ ನಂತರ ಜೊಡ್ ಎಂಬ ಅಸುರನ ಕೈಗೆ ಗಟ್ಸ್ ಸಿಕ್ಕಿಬಿದ್ದಾಗ ಗ್ರಿಫಿತ್ ತಾನೇ ನುಗ್ಗಿ ಬರುತ್ತಾನೆ, ಜೀವ ಹೋಗುವಷ್ಟು ಪೆಟ್ಟು ತಿನ್ನುತ್ತಾನೆ. ಸೇನಾನಾಯಕನೊಬ್ಬ ಮಾಡಬಾರದ ಹುಚ್ಚುತನ ಅದು. ಅರಮನೆಯ ಮೆಟ್ಟಿಲ ಬಳಿ ಗಟ್ಸ್ ಕಾರಣ ಕೇಳುತ್ತಾನೆ. ನಿನಗಾಗಿ ಜೀವ ಒಡ್ಡುವುದಕ್ಕೆ ಕಾರಣ ಬೇರೆ ಬೇಕೇ ಎಂಬುದು ಅವನ ಉತ್ತರದ ಸಾರ. ಕನಸು, ಲೆಕ್ಕಾಚಾರ ಯಾವುದರ ಹಂಗೂ ಇಲ್ಲದೆ ಬಂದ ಮಾತು ಅದೊಂದೇ. ಅಲ್ಲೇ, ಎಡವಿದ ರಾಜಕುಮಾರಿ ಶಾರ್ಲೆಟ್‌ಳನ್ನು ಗ್ರಿಫಿತ್ ಹಿಡಿದು ನಿಲ್ಲಿಸಿದ್ದಕ್ಕೆ ಜೂಲಿಯಸ್ ಅವನ ಕೆನ್ನೆಗೆ ಬಾರಿಸುತ್ತಾನೆ. ಈ ಏಟು ನೆನಪಿರಲಿ.

ಇದಾದ ಮೇಲೆ ಪ್ರೋಮ್‌ರೋಸ್ ಭವನದ ರಾತ್ರಿ. ಜೂಲಿಯಸ್‌ನನ್ನು ಕೊಂದು, ಎದುರಿಗೆ ಬಂದ ಅವನ ಪುಟ್ಟ ಮಗನನ್ನೂ ಯಾರೆಂದು ತಿಳಿಯುವ ಮೊದಲೇ ಇರಿದುಬಿಟ್ಟ ಗಟ್ಸ್, ರಕ್ತ ಮೆತ್ತಿದ ಮೈಯಲ್ಲಿ ಗ್ರಿಫಿತ್‌ನನ್ನು ಹುಡುಕಿಕೊಂಡು ಬಂದಿದ್ದಾನೆ. ಗ್ರಿಫಿತ್ ಶಾರ್ಲೆಟ್ ಎದುರು ಗೆಳೆತನದ ಬಗ್ಗೆ ಮಾತಾಡುತ್ತಿದ್ದಾನೆ. ತನ್ನ ಹಿಂದೆ ಬಂದವರು ಒಳ್ಳೆಯವರು, ಆದರೆ ಗೆಳೆಯರಲ್ಲ. ಇನ್ನೊಬ್ಬರ ಕನಸಿಗೆ ಜೋತು ಬೀಳದೆ ತನ್ನದೇ ಕನಸನ್ನು ಕಟ್ಟಿಕೊಂಡವನು, ಅದಕ್ಕೆ ಅಡ್ಡ ಬಂದರೆ ತನ್ನನ್ನೂ ಎದುರಿಸಬಲ್ಲವನು, ಅಂಥ ಸರಿಸಮಾನನೇ ಗೆಳೆಯ. ಕೇಳಲು ಬಲು ಎತ್ತರದ ಮಾತು. ಅದರೊಳಗೊಂದು ಬಲೆಯಿದೆ. ಜೊತೆಗಿರುವವರು ಯಾರೂ ಈ ಅಳತೆಗೆ ನಿಲುಕುವುದಿಲ್ಲ. ನಿಲುಕಬೇಕಾದರೆ ಬಿಟ್ಟು ಹೋಗಬೇಕು. ಗಟ್ಸ್ ಆ ಮಾತನ್ನು ಅಕ್ಷರಶಃ ನಂಬುತ್ತಾನೆ. ಆಡಿದವನು ನಂಬಿದ್ದಕ್ಕಿಂತ ಹೆಚ್ಚು ನಂಬುತ್ತಾನೆ.

ಹಾಗಾಗಿಯೇ ಯುದ್ಧ ಮುಗಿದು, ಪಡೆಗೆ ಮರ್ಯಾದೆ ಸಿಕ್ಕ ಮೇಲೆ, ಗಟ್ಸ್ ಹೊರಟು ನಿಲ್ಲುತ್ತಾನೆ. ಗೆಳೆಯನಾಗಲೆಂದೇ ಹೊರಟಿದ್ದಾನೆ. ಗ್ರಿಫಿತ್‌ಗೆ ಅದು ಗೊತ್ತಿಲ್ಲ. ಅವನಿಗೆ ಕಂಡದ್ದು ತನ್ನ ವಸ್ತು ಕೈತಪ್ಪುವುದು. ಹಿಮದ ಬಯಲಲ್ಲಿ ಎರಡನೆಯ ಬಾರಿ ಕತ್ತಿಗಳು ಎದುರಾಗುತ್ತವೆ. ಒಂದೇ ಏಟಿಗೆ ಗ್ರಿಫಿತ್‌ನ ಕತ್ತಿ ಮುರಿಯುತ್ತದೆ. ಮಂಡಿಯೂರಿದವನು ಏಳುವುದಿಲ್ಲ. ಅದೇ ರಾತ್ರಿ ಅವನು ಶಾರ್ಲೆಟ್‌ಳ ಕೋಣೆಗೆ ಹೋಗುತ್ತಾನೆ. ವರ್ಷಗಟ್ಟಲೆ ತಾಳ್ಮೆಯಿಂದ ಕಟ್ಟಿದ್ದೆಲ್ಲ ಬೆಳಗಾಗುವುದರೊಳಗೆ ಮಣ್ಣುಪಾಲು. ರಾಜನ ಸೆರೆಮನೆಯಲ್ಲಿ ಒಂದು ವರ್ಷ ಚಿತ್ರಹಿಂಸೆ; ನಾಲಿಗೆ ಹೋಯಿತು, ಕೈಕಾಲಿನ ನರಗಳನ್ನು ಕತ್ತರಿಸಿದರು. ಗೆಳೆಯ ಹೋದರೆ ಏನಾಗುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ, ಹೋಗಬೇಡ ಎಂಬ ಒಂದು ಮಾತನ್ನಾದರೂ ಆಡುತ್ತಿದ್ದನೇನೋ.

ಗೆಳೆಯರು ಅವನನ್ನು ಬಿಡಿಸಿ ತರುತ್ತಾರೆ. ಅದಕ್ಕಾಗಿ ಮರಳಿ ಬಂದ ಗಟ್ಸ್ ಅವನ ಸ್ಥಿತಿ ನೋಡಿ ಅಪ್ಪಿಕೊಂಡು ಅಳುತ್ತಾನೆ. ಆದರೆ ಯಾವ ಅನುಕಂಪಕ್ಕೂ ಕೈ ಚಾಚದೆ ಬದುಕಿದವನಿಗೆ ಅನುಕಂಪವೇ ನರಕ. ಕೊನೆಗೆ, ಸಾಯಲೂ ಆಗದೆ ನೀರಿನಲ್ಲಿ ಕುಸಿದು ಕೂತ ಗ್ರಿಫಿತ್ ಕಡೆಗೆ ಗಟ್ಸ್ ಓಡಿ ಬರುತ್ತಿದ್ದಾನೆ. ಬರಬೇಡ, ಈಗ ನನ್ನ ಹೆಗಲ ಮೇಲೆ ಕೈ ಇಟ್ಟರೆ ನಿನ್ನನ್ನು ಎಂದೂ ಕ್ಷಮಿಸಲಾರೆ ಎಂದು ಅವನ ಮನಸ್ಸು ಚೀರುತ್ತದೆ. ಕೈ ಹೆಗಲನ್ನು ಮುಟ್ಟುತ್ತದೆ. ಲೋಕ ಕತ್ತಲಾಗುತ್ತದೆ. ದೈವಗಳಂತೆ ಮೇಲೆ ಕೂತ ನಾಲ್ವರು ಅವನನ್ನು ಕರೆದು, ನಿನ್ನವರನ್ನು ಬಲಿ ಕೊಟ್ಟರೆ ರೆಕ್ಕೆ ಕೊಡುತ್ತೇವೆ ಎನ್ನುತ್ತಾರೆ. ಸಾವಿರಾರು ಸಂಗಾತಿಗಳು, ಶತ್ರುಗಳ ನಡುವೆ ತನ್ನ ಕನಸನ್ನು ಮರೆಸಿದವನು ಈ ಒಬ್ಬನೇ ಎಂದು ಅವನಿಗೆ ಆಗ ಹೊಳೆಯುತ್ತದೆ. ಹೊಳೆದ ಕ್ಷಣದಲ್ಲೇ ಅವನು ಒಪ್ಪುತ್ತಾನೆ. ಗಿಡುಗ ಪಡೆಯ ಹುಡುಗರು ಒಬ್ಬೊಬ್ಬರಾಗಿ ಸಾಯುತ್ತಾರೆ. ಅಸುರನಾಗಿ ಹುಟ್ಟಿದ ಗ್ರಿಫಿತ್, ಗಟ್ಸ್‌ನ ಕಣ್ಣೆದುರಿಗೇ ಕಾಸ್ಕಾಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಅವಳ ಬುದ್ಧಿ ಸ್ಥಿಮಿತ ತಪ್ಪುತ್ತದೆ.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಖಳನ ನೋವನ್ನು ತೋರಿಸುವ ಕಥೆಗಳು ಈಗ ಬಹಳ. ಬಾಲ್ಯದ ಒಂದು ಗಾಯ, ಒಂದು ಅವಮಾನ ತೋರಿಸಿ, ಪಾಪ ಅವನೇನು ಮಾಡಿಯಾನು ಎಂದು ನಮ್ಮಿಂದ ಹೇಳಿಸಿಬಿಡುತ್ತವೆ. ಮಿಯುರಾ ಹಾಗೆ ಮಾಡಲಿಲ್ಲ. ಗ್ರಿಫಿತ್‌ನ ಒಂದೊಂದು ಎಳೆಯನ್ನೂ ಬಿಡಿಸಿ ತೋರಿಸಿದರು, ಒಂದು ಎಳೆಯನ್ನೂ ಕ್ಷಮೆಗೆ ಕಟ್ಟಲಿಲ್ಲ. ಅರ್ಥ ಮಾಡಿಕೊಳ್ಳುವುದು ಬೇರೆ, ಮನ್ನಿಸುವುದು ಬೇರೆ. ಎರಡನ್ನೂ ಬೆರೆಸಿದರೆ ಕಾಸ್ಕಾಗೆ ಅನ್ಯಾಯವಾಗುತ್ತದೆ. ಸತ್ತ ಪ್ರತಿ ಹುಡುಗನಿಗೂ ಅನ್ಯಾಯವಾಗುತ್ತದೆ. ಬಲಿ ಕೊಡಬಲ್ಲವನು ಪ್ರೀತಿಯಿಲ್ಲದವನು ಎಂದು ನಾವು ಸುಲಭವಾಗಿ ನಂಬುತ್ತೇವೆ. ಈ ಕೃತಿ ಹೇಳುವ ಕಹಿ ಸತ್ಯ ಬೇರೆ: ಅವನಿಗೆ ಪ್ರೀತಿಯಿತ್ತು, ಅದು ತನ್ನನ್ನು ಕಟ್ಟಿಹಾಕುತ್ತದೆ ಎಂದು ಹೆದರಿ ಅದನ್ನೇ ಕೊಟ್ಟ.

ಮರಳಿ ಮನುಷ್ಯರೂಪದಲ್ಲಿ ಬಂದ ಗ್ರಿಫಿತ್, ಸತ್ತವರ ನೆನಪಿಗೆ ಕತ್ತಿಗಳನ್ನು ನೆಟ್ಟ ದಿಬ್ಬದ ಮೇಲೆ ಗಟ್ಸ್‌ಗೆ ಎದುರಾಗುತ್ತಾನೆ. ಈಗಲೂ ತನ್ನ ಮನಸ್ಸು ಅಲುಗುತ್ತದೆಯೇ ಎಂದು ಪರೀಕ್ಷಿಸಲು ಬಂದಿದ್ದಾನೆ. ತಾನು ಮುಕ್ತ ಎಂದುಕೊಳ್ಳುತ್ತಾನೆ. ಮುಂದೆ ಫಾಲ್ಕೋನಿಯಾ ಎಂಬ ಬೆಳಗುವ ನಗರ ಅವನದಾಗುತ್ತದೆ. ಜನ ಅವನನ್ನು ಉದ್ಧಾರಕನೆಂದು ಪೂಜಿಸುತ್ತಾರೆ. ಆ ನಗರಕ್ಕೆ ರಿಕರ್ಟ್ ಬರುತ್ತಾನೆ. ಹಳೆಯ ಪಡೆಯಲ್ಲಿ ಎಲ್ಲರಿಗಿಂತ ಕಿರಿಯ, ಬಲಿಯ ಹೊತ್ತಿಗೆ ಅಲ್ಲಿರದೆ ಉಳಿದವನು. ಎಲ್ಲರೆದುರು ಗ್ರಿಫಿತ್‌ನ ಕೆನ್ನೆಗೆ ಹೊಡೆದು, ತಾನು ಬಲ್ಲ ನಾಯಕ ಇವನಲ್ಲ ಎಂದು ಹೇಳಿ ಹೊರಟುಹೋಗುತ್ತಾನೆ. ಅಂದು ಜೂಲಿಯಸ್ ಹೊಡೆದದ್ದು ಮೇಲಿನಿಂದ, ಕೀಳುಜಾತಿಯವನೆಂಬ ತಿರಸ್ಕಾರದಿಂದ. ಕೊನೆಗೆ ಆ ಜೂಲಿಯಸ್ ಉಳಿಯಲಿಲ್ಲ. ಇಂದು ರಿಕರ್ಟ್ ಹೊಡೆದದ್ದು ಹಳೆಯ ಸಲುಗೆಯ ಹಕ್ಕಿನಿಂದ. ಗ್ರಿಫಿತ್‌ನ ಮುಖದಲ್ಲಿ ಸಿಟ್ಟೂ ಇಲ್ಲ. ಗಟ್ಸ್ ವರ್ಷಗಟ್ಟಲೆ ಬೆನ್ನಟ್ಟಿ ಕೊಡಲಾಗದ ಶಿಕ್ಷೆಯನ್ನು ಒಬ್ಬ ಹುಡುಗನ ಅಂಗೈ ಕೊಟ್ಟಿತು: ನಿನ್ನನ್ನು ಹೆಸರು ಹಿಡಿದು ಕರೆಯಬಲ್ಲವರು ಇನ್ನು ಇಲ್ಲಿ ಯಾರೂ ಇಲ್ಲ ಎಂಬ ತೀರ್ಪು.

ಮಿಯುರಾ 54ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕಥೆ ಅರ್ಧಕ್ಕೆ ನಿಂತಿತು. 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾದ, ಅವರು ಬಿಟ್ಟುಹೋದ ಕೊನೆಯ ಕಂತಿನಲ್ಲಿ ಗ್ರಿಫಿತ್ ಕಣ್ಣೀರು ಹಾಕುತ್ತಿದ್ದಾನೆ. ಮುಂದೇನು ಎಂಬುದನ್ನು ಮಿಯುರಾ ಬಹಳ ಹಿಂದೆಯೇ ಹೇಳಿದ್ದು ಒಬ್ಬರಿಗೆ ಮಾತ್ರ: ಹೈಸ್ಕೂಲಿನ ಗೆಳೆಯ, ಮಾಂಗಾಕಾರ ಕೋಜಿ ಮೋರಿ. ಗಿಡುಗ ಪಡೆಯ ಒಡನಾಟಕ್ಕೆ ಆ ಶಾಲಾದಿನಗಳ ಗೆಳೆಯರ ಬಳಗವೇ ಮೂಲವೆಂದು ಮಿಯುರಾ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದರು. 2022ರ ಜೂನ್‌ನಿಂದ ಮೋರಿಯವರ ಮೇಲ್ವಿಚಾರಣೆಯಲ್ಲಿ, ಮಿಯುರಾ ಅವರ ಶಿಷ್ಯರಿದ್ದ ಸ್ಟುಡಿಯೊ ಗಾಗಾ ಕಥೆಯನ್ನು ಮುಂದುವರಿಸಿದೆ. ಗೆಳೆಯ ತನಗೆ ಹೇಳಿದ್ದನ್ನಷ್ಟೇ ಬರೆಯುತ್ತೇನೆ ಎಂಬುದು ಮೋರಿ ಹಾಕಿಕೊಂಡ ಕಟ್ಟುಪಾಡು.

‘ಹೋಲಿಲ್ಯಾಂಡ್’ನಂಥ ಸ್ವಂತ ಕೃತಿಗಳಿಂದ ಹೆಸರು ಮಾಡಿದವರು ಮೋರಿ. ತಮ್ಮದೇ ಕನಸುಳ್ಳ, ಮಿಯುರಾಗೆ ಸರಿಸಮನಾಗಿ ನಿಲ್ಲಬಲ್ಲ ಕಲಾವಿದ. ಗ್ರಿಫಿತ್ ಕೊಟ್ಟ ಅಳತೆಯಲ್ಲೂ ಅವರು ಗೆಳೆಯರೇ. ಅಂಥವರು ಇಂದು ಇನ್ನೊಬ್ಬರ ಕನಸಿನ ಕೆಲಸಕ್ಕೆ ಕೂತಿದ್ದಾರೆ, ಅದರಿಂದ ಅವರ ಎತ್ತರ ಒಂದಿಂಚೂ ತಗ್ಗಿಲ್ಲ. ಸರಿಸಮಾನನಾಗಿದ್ದೂ ಇನ್ನೊಬ್ಬನಿಗಾಗಿ ದುಡಿಯಬಹುದು, ಅನುಕಂಪವನ್ನು ಕೊಡಲೂಬಹುದು, ಪಡೆಯಲೂಬಹುದು. ಗ್ರಿಫಿತ್‌ಗೆ ತಿಳಿಯದೆ ಹೋದದ್ದು ಇದು. ಹಟ ಹಿಡಿದು ಮೇಲೇರುವುದನ್ನೇ ಮಕ್ಕಳಿಗೆ ದಿನವಿಡೀ ಕಲಿಸುತ್ತಿರುವ ನಮಗೂ ಇದು ತಿಳಿಯಬೇಕಿದೆ. ಮಾಂಗಾ ಎಂದರೆ ಹುಡುಗರ ಚಿತ್ರಪುಸ್ತಕ ಎಂದು ಪಕ್ಕಕ್ಕಿಟ್ಟ ಹಿರಿಯ ಓದುಗರು ಈ ಸಂಚಿಕೆಯ ಲೇಖನಗಳನ್ನು ಓದಿ, ಮನೆಯಲ್ಲಿ ಮಾಂಗಾ ಓದುವ ಮಕ್ಕಳಿದ್ದರೆ ಅವರೊಂದಿಗೆ ಕೂತು ಮಾತಾಡಲಿ ಎಂಬುದು ನಮ್ಮ ಬಯಕೆ. ಎಳೆಯರ ಕೈಗೆ ಕೊಡುವ ಕೃತಿ ‘ಬರ್ಸರ್ಕ್’ ಅಲ್ಲ, ಅದರ ಹಿಂಸೆ ಬಲು ಕಠೋರ. ಆದರೆ ಬೆಳೆದವರು ಓದಿ, ಗೆಳೆತನ ಮತ್ತು ಮಹತ್ವಾಕಾಂಕ್ಷೆಯ ಬಗ್ಗೆ ನಿಷ್ಠುರವಾಗಿ ಯೋಚಿಸಲು ಇದಕ್ಕಿಂತ ಒಳ್ಳೆಯ ಕೃತಿಗಳು ನಮ್ಮ ಕಾಲದಲ್ಲಿ ಹೆಚ್ಚಿಲ್ಲ. ಓದಿದವರು ಬರೆಯಿರಿ, ಒಪ್ಪದಿದ್ದರಂತೂ ತಪ್ಪದೆ ಬರೆಯಿರಿ.

ಸಂಪಾದಕ