ಟಪಾಲು ಮೇಜಿನ ಮುದ್ರೆ

ಬೊರಿವಲಿಯಿಂದ ಚರ್ಚ್‌ಗೇಟಿನ ಲೋಕಲ್ ಹಿಡಿದು ನಿತ್ಯವೂ ಕಛೇರಿಗೆ ಸಾಗುವ ಸರಕಾರಿ ಕಾರಕೂನನೊಬ್ಬನು, ತಾನು ಸಲಿಂಗಾನುರಾಗಿಯೆಂಬ ಕಾರಣಕ್ಕೆ ಮೇಲಧಿಕಾರಿಯ ಕುಹಕಕ್ಕೋ ಅಕಾಲ ವರ್ಗಾವಣೆಗೋ ಗುರಿಯಾದನೆಂದರೆ, ಅವನು ಮೊರೆಯಿಡಬೇಕಾದುದೆಲ್ಲಿ? ಸಂವಿಧಾನವು ನಿಷೇಧಿಸಿದ ಲಿಂಗಭೇದದಲ್ಲಿ ಲೈಂಗಿಕ ಒಲವಿನ ಭೇದವೂ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದೇ ಸಾರಿತು. ಆ ತೀರ್ಪನ್ನೇ ಆಧರಿಸಿ 2021ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು, ಬುಲಂದಶಹರದ ಗೃಹರಕ್ಷಕನೊಬ್ಬನ ನೇಮಕವನ್ನು ಅವನ ಲೈಂಗಿಕ ಒಲವಿನ ಕಾರಣಕ್ಕಾಗಿ ರದ್ದುಗೊಳಿಸಿದ್ದ ಆಜ್ಞೆಯನ್ನು ತೊಡೆದುಹಾಕಿತು.

ತತ್ತ್ವವು ಇಷ್ಟು ನಿಚ್ಚಳವಾಗಿದ್ದರೂ ದಾರಿ ದೀರ್ಘವಾದುದು. ಮೊದಲು ಇಲಾಖೆಗೇ ಲಿಖಿತ ಮನವಿ ಸಲ್ಲಬೇಕು. ಟಪಾಲು ಮೇಜಿನ ಸ್ವೀಕೃತಿ ಮುದ್ರೆ ಬಿದ್ದ ಪ್ರತಿಯೊಂದನ್ನು ಜೋಪಾನವಾಗಿರಿಸಿಕೊಳ್ಳತಕ್ಕದ್ದು. ಬಾಯಿಮಾತಿನ ದೂರು ಮಧ್ಯಾಹ್ನದ ಚಹದೊಡನೆ ಆರಿಹೋಗುವುದನ್ನು ಕಾಣದವರಾರು? ಆರು ತಿಂಗಳಾದರೂ ಉತ್ತರ ಬಾರದಿದ್ದಲ್ಲಿ, ಅಲ್ಲಿಂದ ಒಂದು ವರ್ಷದೊಳಗಾಗಿ, ರಾಜ್ಯದ ನೌಕರನು ಮಹಾರಾಷ್ಟ್ರ ಆಡಳಿತ ನ್ಯಾಯಮಂಡಳಿಗೂ ಕೇಂದ್ರದ ನೌಕರನು ಕೇಂದ್ರೀಯ ಮಂಡಳಿಗೂ ಅರ್ಜಿ ಸಲ್ಲಿಸಬಹುದು. ಎರಡರ ಪೀಠಗಳೂ ಮುಂಬಯಿಯಲ್ಲಿಯೇ ಇವೆ.

ಆದರೆ ಮನವಿಯು ಮೇಜಿನಿಂದ ಮೇಜಿಗೆ ಸರಿದಂತೆಲ್ಲ, ಮನೆಯವರಿಗೂ ತಿಳಿಸದ ಗುಟ್ಟು ಕಛೇರಿಗೆಲ್ಲ ಬಯಲಾಗುವುದೆಂಬ ಅಳುಕೇ ಎಷ್ಟೋ ಲೇಖನಿಗಳನ್ನು ತಡೆದೀತು. ಇಂಥ ಮನವಿಗಳನ್ನು ಮುಚ್ಚಿದ ಲಕೋಟೆಯಲ್ಲಿ ಸ್ವೀಕರಿಸಿ, ಒಬ್ಬನೇ ಗೊತ್ತಾದ ಅಧಿಕಾರಿಯು ವಿಚಾರಿಸುವ ಏರ್ಪಾಡನ್ನು ಸರಕಾರವು ಪ್ರತಿ ಇಲಾಖೆಯಲ್ಲಿಯೂ ಅವಿಲಂಬವಾಗಿ ಮಾಡಬೇಕು.